ಮೂರು ಸರೋವರಗಳ ಸುತ್ತು

2024ರ ಅಕ್ಟೋಬರ್ 3, ಗುರುವಾರ. ಬೆಳಿಗ್ಗೆ 10.20ಕ್ಕೆ ಬೆಂಗಳೂರಿನ ಹನುಮಂತನಗರದ ಸರಸ್ವತಿ ಎಂಬ ಐವತ್ತೆಂಟು ವರ್ಷದ ಮಹಿಳೆ ಠಾಣೆಗೆ ಬಂದು, ಹಿಮಾಚಲ ಪ್ರದೇಶದ ಬೆಟ್ಟವೊಂದರಲ್ಲಿ ಹದಿಮೂರು ಸಾವಿರ ಅಡಿ ಎತ್ತರದಲ್ಲಿ ಗಂಡ ತೀರಿಕೊಂಡದ್ದಕ್ಕೆ ದೂರು ಬರೆದುಕೊಳ್ಳಿ ಎಂದರು.

ಇನ್ಸ್‌ಪೆಕ್ಟರ್ ಬೈರಣ್ಣ ಅವರನ್ನು ಕೂರಿಸಿ ನೀರು ತರಿಸಿದ. ನವರಾತ್ರಿಯ ಮೊದಲ ದಿನ. ಅರ್ಧ ಸಿಬ್ಬಂದಿ ದೇವಸ್ಥಾನಗಳ ಬಂದೋಬಸ್ತಿಗೆ ಹೋಗಿತ್ತು. ಪಕ್ಕದ ಶ್ರೀನಗರ ಬಡಾವಣೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಹೊಡೆದಾಡಿಕೊಂಡಿದ್ದ ಇಬ್ಬರು ಹೊರಗಿನ ಬೆಂಚಿನ ಮೇಲೆ ಕೂತು ಇನ್ನೂ ಬೈದಾಡುತ್ತಿದ್ದರು. ಇದರ ನಡುವೆ ಹಿಮಾಚಲ. ಬೈರಣ್ಣ ಉತ್ತರಹಳ್ಳಿಯ ರೈತರ ಮನೆಯವನು, ನಲವತ್ತೇಳು ವರ್ಷ, ಮಂಡಿ ನೋವು. ಬೆಟ್ಟ ಹತ್ತುವುದೆಂದರೆ ಅವನಿಗೆ ಮೊದಲಿನಿಂದಲೂ ಆಗದು.

ಸಾವು ಎಲ್ಲಿ ಆಗಿದೆಯೋ ಅಲ್ಲಿನ ಪೊಲೀಸರೇ ನೋಡಬೇಕು, ಅವರು ಸಹಜ ಸಾವು ಎಂದು ಬರೆದು ಮುಗಿಸಿದ್ದಾರೆ ಎಂದು ಅವನು ತಿಳಿಸಿ ಹೇಳಿದ. ಸರಸ್ವತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು ಅಲ್ಲಿನ ಮರಣೋತ್ತರ ಪರೀಕ್ಷೆಯ ವರದಿ: ಹೃದಯದ ಎರಡು ರಕ್ತನಾಳಗಳಲ್ಲಿ ಹಳೆಯ ತಡೆ, ಶೇಕಡಾ ಎಂಬತ್ತರ ಮೇಲೆ. ಇನ್ನೊಂದು ಜಯನಗರದ ವೈದ್ಯರೊಬ್ಬರು ಕೊಟ್ಟ ದೈಹಿಕ ಅರ್ಹತಾ ಪತ್ರ: ರಾಮಪ್ರಸಾದ, 61 ವರ್ಷ, ಎತ್ತರದ ಚಾರಣಕ್ಕೆ ಅರ್ಹರು.

"ಸತ್ತಿದ್ದು ಅಲ್ಲಿ ಸಾರ್. ಹೋಗಬಹುದು ಅಂತ ಬರೆದುಕೊಟ್ಟಿದ್ದು ಇಲ್ಲಿ," ಎಂದರು ಸರಸ್ವತಿ.

ಅವರ ಮಾತು ಸರಿಯೆಂದು ಬೈರಣ್ಣನಿಗೂ ಕಂಡಿತು. ಅದಕ್ಕೇ ಇನ್ನಷ್ಟು ಸಿಡುಕು ಬಂತು. ಯಾರ ಮೇಲೆ ಅನುಮಾನ ಎಂದು ಕೇಳಿದ. ಯಾರ ಮೇಲೂ ಇಲ್ಲ ಎಂದರು.

"ಮತ್ತೆ ಏನು ಬೇಕಮ್ಮ ನಿಮಗೆ?"

"ಅವರಿಗೆ ಗೊತ್ತಿತ್ತಾ ಇಲ್ವಾ, ಅಷ್ಟು ಬೇಕು. ವೈಕುಂಠ ಸಮಾರಾಧನೆಗೆ ಬಂದೋರೆಲ್ಲಾ ಅದನ್ನೇ ಹೇಳಿ ಹೋದ್ರು. ಗೊತ್ತಿದ್ದೂ ನಿಮ್ಮ ಹತ್ರ ಮುಚ್ಚಿಟ್ಟು ಹೋಗಿದಾರೆ ಅಂತ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದೀನಿ ಸಾರ್. ಅವರ ಬ್ಯಾಗು ನಾನೇ ತುಂಬಿಕೊಟ್ಟಿದೀನಿ. ಅಳು ಬರ್ತಿಲ್ಲ ನಂಗೆ. ಬರೀ ಸಿಟ್ಟು ಬರ್ತಿದೆ."

ಮಧ್ಯಾಹ್ನ 12.45ಕ್ಕೆ ಎಫ್‌ಐಆರ್ ದಾಖಲಾಯಿತು. ಮೊಕದ್ದಮೆ ಸಂಖ್ಯೆ 318/2024, ಭಾರತೀಯ ನ್ಯಾಯ ಸಂಹಿತೆಯ ಕಲಂ 106(1), ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು. ಒಂದು ಗಂಟೆಗೆ ಎಸಿಪಿ ಫೋನ್ ಮಾಡಿ, ಬೆಂಗಳೂರಲ್ಲಿ ಕೇಸು ಸಾಲದು ಅಂತ ಹಿಮಾಲಯದಿಂದ ತರಿಸಿಕೊಂಡಿದ್ದೀರಾ ಎಂದು ಕೇಳಿದರು. ಬೈರಣ್ಣ ಹಲ್ಲು ಕಚ್ಚಿಕೊಂಡು ಹೌದು ಸಾರ್ ಎಂದ.

ಅದೇ ದಿನ 2.30ಕ್ಕೆ ಬೈರಣ್ಣ, ಹೆಡ್ ಕಾನ್‌ಸ್ಟೆಬಲ್ ಮನೋಜ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ರಮ್ಯ ಜೆ.ಪಿ. ನಗರಕ್ಕೆ ಹೋದರು. ಅಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ 'ಹಿಮಹಾದಿ' ಎಂಬ ಚಾರಣ ಸಂಸ್ಥೆಯ ಕಚೇರಿ. ಮಾಲೀಕ ಶ್ರೀಕರ್, ಮೂವತ್ತೆಂಟು ವರ್ಷ. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಪೊಲೀಸರನ್ನು ಕಂಡು ಮೊದಲು ಬೆದರಿದ. ದಾರಿ ಯಾವುದು ತೋರಿಸು ಎಂದ ಕೂಡಲೇ ಹೆದರಿಕೆ ಮರೆತು ಗೋಡೆಯ ನಕ್ಷೆಯ ಮುಂದೆ ನಿಂತುಬಿಟ್ಟ.

ಆರು ದಿನ, ಅರವತ್ತೆರಡು ಕಿಲೋಮೀಟರ್. ಮೊದಲ ದಿನ ದೇವದಾರು ಕಾಡು. ಎರಡನೆಯ ಮತ್ತು ಮೂರನೆಯ ದಿನ ಜಲಪಾತಗಳ ಪಕ್ಕದಲ್ಲೇ ಏರು. ಒಟ್ಟು ಏಳು ಜಲಪಾತ, ಅದರಲ್ಲಿ ಒಂದರ ಹಿಂದೆಯೇ ಹಾದು ಹೋಗಬೇಕು. ನಾಲ್ಕನೆಯ ದಿನ ಹದಿನಾಲ್ಕು ಸಾವಿರ ಅಡಿ ಎತ್ತರದ ಕಣಿವೆದಾರಿ ದಾಟಿದರೆ ಸರೋವರಗಳು ಶುರು. ಮೂರು ಸರೋವರ. ಮೊದಲನೆಯದು ಹಸಿರು, ಎರಡನೆಯದು ಹಾಲು ಬೆರೆಸಿದ ಹಾಗೆ ಮಾಸಲು, ಮೂರನೆಯದು ಮಾತ್ರ ಅಚ್ಚ ನೀಲಿ, ಅದರಲ್ಲಿ ಇಡೀ ಶಿಖರದ ಬಿಂಬ ಕಾಣುತ್ತದೆ, ಅದಕ್ಕೋಸ್ಕರವೇ ಜನ ಬರುವುದು. ಆಮೇಲೆ ಇನ್ನೊಂದು ಮಗ್ಗುಲಲ್ಲಿ ಇಳಿದರೆ ಆರನೆಯ ದಿನ ಹೊರಟ ಹಳ್ಳಿಗೇ ಬಂದು ಸೇರುತ್ತೀರಿ ಎಂದ.

ಹೊರಟಲ್ಲಿಗೇ ಬರುವುದಕ್ಕೆ ಆರು ದಿನ ಯಾಕೆ ನಡೆಯಬೇಕು ಎಂಬುದು ಬೈರಣ್ಣನಿಗೆ ಅರ್ಥವಾಗಲಿಲ್ಲ. ಕೇಳಿದರೆ ಇವನು ಇನ್ನರ್ಧ ಗಂಟೆ ಹೇಳುತ್ತಾನೆಂದು ಸುಮ್ಮನಾದ.

ಸಂಸ್ಥೆಗೆ ನಿಯಮಗಳಿದ್ದವು, ಅಚ್ಚುಕಟ್ಟಾಗಿ ಅಚ್ಚು ಹಾಕಿಸಿ ಅಂಟಿಸಿದ್ದರು. ಅರವತ್ತೈದು ತುಂಬಿದವರಿಗೆ ಪ್ರವೇಶವಿಲ್ಲ. ಅರವತ್ತು ದಾಟಿದವರು ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಟಿಎಂಟಿ ಪರೀಕ್ಷೆಯ ವರದಿಯನ್ನೂ ವೈದ್ಯರ ಪತ್ರವನ್ನೂ ಕೊಡಬೇಕು. ಅಷ್ಟೇ ಅಲ್ಲ, ಅರವತ್ತು ದಾಟಿದವರು ಒಬ್ಬೊಬ್ಬರೇ ಬರುವ ಹಾಗಿಲ್ಲ. ಜೋಡಿಯಾಗಿ ಹೆಸರು ಕೊಡಬೇಕು, ಒಂದೇ ಡೇರೆ, ಒಬ್ಬರು ಹಿಂದಿರುಗಿದರೆ ಇಬ್ಬರೂ ಹಿಂದಿರುಗಬೇಕು. ಈ ಜೋಡಿ ನಿಯಮ ತಾನೇ ಮಾಡಿದ್ದೆಂದು ಶ್ರೀಕರ್ ಹೆಮ್ಮೆಯಿಂದ ಹೇಳಿದ. ವಯಸ್ಸಾದವರು ಒಬ್ಬರ ಕಷ್ಟ ಇನ್ನೊಬ್ಬರು ನೋಡಿಕೊಳ್ಳಲಿ ಎಂದು.

ರಾಮಪ್ರಸಾದರ ಜೋಡಿ ಸೋಮನಾಥ್, ಅರವತ್ತನಾಲ್ಕು ವರ್ಷ, ಶ್ರೀನಗರದವರು. ಇಬ್ಬರೂ ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಒಂದೇ ಪಾರ್ಕಿನಲ್ಲಿ ನಡೆಯುವ ಗೆಳೆಯರು.

"ನೀನು ಮೂರನೇ ದಿನ ಏನು ಮಾಡಿದೆ?" ಬೈರಣ್ಣ ಕೇಳಿದ.

"ಅವರು ಜಲಪಾತದ ಹತ್ರ ಕೂತ್ಬಿಟ್ರು ಸಾರ್. ದವಡೆ ಉಜ್ಜಿಕೊಳ್ತಿದ್ರು. ವಾಪಸ್ ಕಳಿಸ್ತೀನಿ, ಹೇಸರಗತ್ತೆ ಇದೆ, ಗೈಡ್ ಜೊತೇಲಿ ಬರ್ತಾನೆ ಅಂದೆ. ಅವರೇ ಬೇಡ ಅಂದ್ರು. ರಿಪೋರ್ಟ್ ಕ್ಲಿಯರ್ ಇದೆಯಲ್ಲಪ್ಪಾ, ಬರೀ ಗ್ಯಾಸು ಅಂದ್ರು. ನಾನೂ ಫೈಲ್ ನೋಡಿದ್ದೆ. ಕ್ಲಿಯರ್ ಇತ್ತು."

ಇವನೇ ಜನ ಸಾಲದೆ ಕಾಗದ ತಿದ್ದಿ ಕರೆದುಕೊಂಡು ಹೋಗಿರಬೇಕು ಎಂದು ಬೈರಣ್ಣ ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದ. ಕೇಸು ಬೇಗ ಮುಗಿಯಲಿ ಎಂಬ ಆಸೆಯೂ ಅದರಲ್ಲಿ ಸೇರಿತ್ತು ಎನ್ನದೆ ವಿಧಿಯಿಲ್ಲ. ಪಂಚರ ಸಮಕ್ಷಮ ಹನ್ನೆರಡು ಜನರ ಕಡತಗಳನ್ನು ವಶಕ್ಕೆ ಪಡೆದು, ಸಂಜೆ 5.10ಕ್ಕೆ ಪಂಚನಾಮೆ ಮುಗಿಸಿದರು. ಊರು ಬಿಟ್ಟು ಹೋಗಕೂಡದೆಂದು ಶ್ರೀಕರ್‌ಗೆ ನೋಟಿಸು ಕೊಟ್ಟರು. ನವೆಂಬರಿನ ತಂಡಗಳೆಲ್ಲ ಆಗಲೇ ರದ್ದು ಮಾಡಿಸುತ್ತಿವೆ, ಹನ್ನೊಂದು ವರ್ಷದ ಕೆಲಸ ನೀರಲ್ಲಿ ಹೋಯಿತು ಎಂದು ಅವನು ಕುರ್ಚಿಯಲ್ಲಿ ಕುಸಿದ.

ಮರುದಿನ, ಅಕ್ಟೋಬರ್ 4ರಂದು, ಯಾರೂ ಕರೆಯದೆ ಸೋಮನಾಥ್ ತಾವೇ ಠಾಣೆಗೆ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಅಂಗಾರ ಅಕ್ಷತೆ. ಸರ್ಕಾರಿ ಇಲಾಖೆಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕೈಯಲ್ಲಿ ಟೈಪ್ ಮಾಡಿಸಿದ ಹದಿನಾಲ್ಕು ಪುಟದ ಹೇಳಿಕೆ, ಮೂರು ಪ್ರತಿ. ಮೊದಲ ಪುಟದಲ್ಲಿ ಪರಿವಿಡಿ, ಕೊನೆಯಲ್ಲಿ ಅನುಬಂಧ ಒಂದರಿಂದ ಆರು.

ಬೈರಣ್ಣ ಓದಿದ. ಸೆಪ್ಟೆಂಬರ್ 10, ಬೆಳಿಗ್ಗೆ 6.05, ಹಳ್ಳಿಯಿಂದ ನಿರ್ಗಮನ. 8.40, ಉಪ್ಪಿಟ್ಟು. 11.15, ಮೊದಲನೆಯ ಜಲಪಾತ, ಅಂದಾಜು ಎತ್ತರ ಎಂಬತ್ತು ಅಡಿ. ಹೀಗೇ ಪುಟಗಟ್ಟಲೆ. ಯಾವ ಕಲ್ಲಿನ ಮೇಲೆ ಎಷ್ಟು ಹೊತ್ತು ಕೂತರು ಎಂಬುದೂ ಇತ್ತು. ಒಂಬತ್ತನೆಯ ಪುಟದಲ್ಲಿ, ಸೆಪ್ಟೆಂಬರ್ 12, ಸಂಜೆ 4.10, ರಾಮಪ್ರಸಾದರಿಗೆ ಎದೆಯುರಿ, ಗ್ಯಾಸಿನ ಮಾತ್ರೆ ಕೊಡಲಾಯಿತು. ಹತ್ತನೆಯ ಪುಟದಲ್ಲಿ, ಸೆಪ್ಟೆಂಬರ್ 13, ಮಧ್ಯಾಹ್ನ 1.25, ಎರಡನೆಯ ಸರೋವರದ ದಡದಲ್ಲಿ ಕುಳಿತವರು ಏಳಲಿಲ್ಲ. ಅಲ್ಲಿಂದ ಮುಂದೆ ಮತ್ತೆ ಗಂಟೆ, ನಿಮಿಷ, ಅಡಿ.

ರಾಮಪ್ರಸಾದರಿಗೆ ಹೃದಯದ ತೊಂದರೆ ಇದ್ದದ್ದು ತಿಳಿದಿತ್ತೇ ಎಂದು ಕೇಳಿದಾಗ, ಅನುಬಂಧ ಎರಡರಲ್ಲಿ ವರದಿ ಇದೆ ನೋಡಿ ಎಂದರು. ವರದಿಯಲ್ಲಿ ತೊಂದರೆ ಇರಲಿಲ್ಲ. ಹೇಳಿಕೆ ಸ್ವೀಕರಿಸಿದ್ದಕ್ಕೆ ಸೀಲು ಹಾಕಿ ಸ್ವೀಕೃತಿ ಕೊಡುವ ತನಕ ಎದ್ದು ಹೋಗಲಿಲ್ಲ. ಅವರು ಹೋದ ಮೇಲೆ ಬೈರಣ್ಣ ಹೇಳಿಕೆಯನ್ನು ಮನೋಜನ ಕಡೆ ತಳ್ಳಿ, ಇಂಥವರು ಇನ್ನೊಬ್ಬರು ಬಂದರೆ ನಾನೇ ಹಿಮಾಲಯಕ್ಕೆ ಹೋಗುತ್ತೇನೆ ಎಂದ.

ಮನೋಜನ ಪಾಡು ಬೇರೆಯೇ ಆಗಿತ್ತು. ಉಳಿದ ಹನ್ನೊಂದು ಜನರ ಫೋನುಗಳಿಂದ ತೆಗೆಸಿದ ಫೋಟೋಗಳು ಒಟ್ಟು 2,340. ಅದರಲ್ಲಿ ಸಾವಿರಕ್ಕೂ ಹೆಚ್ಚು ಮೂರನೆಯ ಸರೋವರದ್ದೇ. ಹೆಣ ಸಾಗಿಸುತ್ತಿರುವಾಗ ಇಷ್ಟು ಫೋಟೋ ಹೇಗೆ ತೆಗೆದರು ಎಂದು ಬೈರಣ್ಣ ಗದರಿದ. ಇವು ಶ್ರೀಕರ್ ಗುಂಪಿಗೆ ಕಳಿಸಿದ್ದ ಹೋದ ವರ್ಷದವು, ಎಲ್ಲರ ಫೋನಿನಲ್ಲೂ ಅವೇ ಇವೆ ಎಂದು ಮನೋಜ್ ಹೇಳಿದ. ಎರಡು ದಿನ ನೋಡಿದರೂ ಅವನಿಗೆ ಸಿಕ್ಕಿದ್ದು ನೀರು, ಕಲ್ಲು, ಜರ್ಕಿನ್ ಹಾಕಿಕೊಂಡವರು ಎರಡು ಬೆರಳು ಎತ್ತಿ ನಿಂತದ್ದು, ಇಷ್ಟೇ.

ಅಕ್ಟೋಬರ್ 5ರ ಮಧ್ಯಾಹ್ನ ಬಿಟಿಎಂ ಲೇಔಟಿನ ಸಂಹಿತಾ ಎಂಬ ಫಿಸಿಯೋಥೆರಪಿಸ್ಟ್ ಒಬ್ಬಳ ಹೇಳಿಕೆ ಪಡೆಯಲಾಯಿತು. ಚಾರಣದ ತಂಡದಲ್ಲಿದ್ದವಳು, ಇಪ್ಪತ್ತೊಂಬತ್ತು ವರ್ಷ. ಮೂರನೆಯ ದಿನ ಸಂಜೆ ಜಲಪಾತದ ಬಳಿ ಅವಳೂ ಕೂತಿದ್ದಳು. ರಮ್ಯ ಒಂದೊಂದೇ ಕೇಳಿದಳು, ಅವಳು ಹೇಳುತ್ತ ಹೋದಳು. ರಾಮಪ್ರಸಾದರ ಮುಖ ಬೆವೆತಿತ್ತು, ಅಷ್ಟು ಚಳಿಯಲ್ಲಿ. ಶ್ರೀಕರ್ ವಾಪಸ್ ಹೋಗಿ ಎಂದಾಗ ಅವರು ಕೂಡಲೇ ಬೇಡವೆನ್ನಲಿಲ್ಲ. ಮೊದಲು ಸೋಮನಾಥರ ಮುಖ ನೋಡಿದರು.

"ಏನು ಕೇಳಿದ್ರು?" ರಮ್ಯ ಕೇಳಿದಳು.

"ಏನು ಮಾಡಣ ಸೋಮು, ಇಳಿದುಬಿಡೋಣ್ವಾ ಅಂದ್ರು. ಆ ಅಂಕಲ್ ಮೇಲಿನ ದಾರಿ ಕಡೆ ನೋಡಿದ್ರು. ಆಮೇಲೆ, ನಿನ್ನ ರಿಪೋರ್ಟು ನನ್ನ ರಿಪೋರ್ಟು ಎರಡೂ ಒಂದೇ ಥರ ಇದೆಯಲ್ಲೋ, ಗ್ಯಾಸಿಗೆಲ್ಲಾ ಹೆದರ್ತೀಯಾ ಅಂದ್ರು. ಅಷ್ಟಕ್ಕೇ ಎದ್ದು ಹೊರಟ್ರು ಅವರು."

ಹದಿನಾಲ್ಕು ಪುಟದ ಹೇಳಿಕೆಯಲ್ಲಿ ಉಪ್ಪಿಟ್ಟಿಗೆ ಜಾಗವಿತ್ತು, ಈ ಮಾತಿಗೆ ಇರಲಿಲ್ಲ. ಬೈರಣ್ಣ ಆ ಸಂಜೆ ಹೇಳಿಕೆಯನ್ನು ಮತ್ತೊಮ್ಮೆ ಪೂರ್ತಿ ಓದಿದ. ತಾನು ಶ್ರೀಕರ್‌ನ ಮೇಲೆ ಅವಸರ ಪಟ್ಟೆನೇನೋ ಎಂದು ಮೊದಲ ಸಲ ಅನ್ನಿಸಿತು.

ಅಕ್ಟೋಬರ್ 7, ಸೋಮವಾರ, ಬೆಳಿಗ್ಗೆ 11ಕ್ಕೆ ಜಯನಗರದಲ್ಲಿ ಡಾ. ಶಾಲಿನಿ ಅವರ ವಿಚಾರಣೆ. ಅರ್ಹತಾ ಪತ್ರಕ್ಕೆ ಸಹಿ ಮಾಡಿದ್ದು ಅವರೇ. ಸಹಿ ತನ್ನದೇ, ಸೀಲು ತನ್ನದೇ, ರಕ್ತದೊತ್ತಡ ನೋಡಿದ್ದೂ ತಾನೇ ಎಂದು ಒಪ್ಪಿಕೊಂಡರು. ಟಿಎಂಟಿ ವರದಿ ಸರಿಯಿತ್ತು, ಅದನ್ನು ನಂಬಿ ಪತ್ರ ಕೊಟ್ಟೆ, ಟಿಎಂಟಿ ಕೆಲವೊಮ್ಮೆ ತಪ್ಪುವುದೂ ಉಂಟು ಎಂದರು. ಹೊರಗೆ ಇಪ್ಪತ್ತು ರೋಗಿಗಳು ಕಾಯುತ್ತಿದ್ದಾರೆ ಎಂದು ಎರಡು ಸಲ ಹೇಳಿದರು, ಶಾಲಿನಿಗೂ ತಾಳ್ಮೆ ಇರಲಿಲ್ಲ. ಬೈರಣ್ಣ ವರದಿಯನ್ನು ಅವರ ಮುಂದೆ ಹಿಡಿದು, ಇನ್ನೊಂದು ಸಲ ಓದಿ, ಅವಸರವಿಲ್ಲ ಎಂದ. ಅವಸರ ಅವನಿಗೂ ಇತ್ತು.

ಶಾಲಿನಿ ಓದಿದರು. ಎರಡನೆಯ ಸಾಲಿನಲ್ಲಿ ನಿಂತರು.

ಟ್ರೆಡ್‌ಮಿಲ್ ಮೇಲೆ ಹೃದಯ ಎಷ್ಟು ಬಡಿತದ ತನಕ ಹೋಗಬಹುದು ಎಂಬ ಮಿತಿಯನ್ನು ಯಂತ್ರವೇ ಲೆಕ್ಕ ಹಾಕುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಇನ್ನೂರಿಪ್ಪತ್ತರಲ್ಲಿ ವಯಸ್ಸನ್ನು ಕಳೆಯುವುದು, ಅಷ್ಟೇ. ಅರವತ್ತೊಂದು ವರ್ಷದವರಿಗೆ ನೂರೈವತ್ತೊಂಬತ್ತು ಬರಬೇಕು. ಇಲ್ಲಿ ನೂರೈವತ್ತಾರು ಇದೆ.

"ಅಂದ್ರೆ ಏನು ಮೇಡಂ?"

"ಅಂದ್ರೆ ಈ ಟೆಸ್ಟ್ ಮಾಡಿಸಿಕೊಂಡೋರಿಗೆ ಅರವತ್ತನಾಲ್ಕು ವರ್ಷ. ಇದು ಅವರ ರಿಪೋರ್ಟ್ ಅಲ್ಲ." ವರದಿಯನ್ನು ಮೇಜಿನ ಮೇಲಿಟ್ಟು, "ನಾನು ನೋಡಬೇಕಿತ್ತು," ಎಂದರು. ಆಮೇಲೆ ಅವರು ರೋಗಿಗಳ ವಿಷಯ ಎತ್ತಲಿಲ್ಲ.

ಠಾಣೆಗೆ ಬಂದು ವಶಪಡಿಸಿಕೊಂಡಿದ್ದ ಕಡತಗಳನ್ನು ತೆಗೆಸಿದರು. ತಂಡದಲ್ಲಿ ಅರವತ್ತನಾಲ್ಕು ವರ್ಷದವರು ಒಬ್ಬರೇ. ರಮ್ಯ ಸೋಮನಾಥರ ಟಿಎಂಟಿ ವರದಿಯನ್ನು ರಾಮಪ್ರಸಾದರದ್ದರ ಪಕ್ಕದಲ್ಲಿಟ್ಟಳು. ಓಡಿದ ಅವಧಿ ಒಂಬತ್ತು ನಿಮಿಷ ಹನ್ನೆರಡು ಸೆಕೆಂಡು, ಎರಡರಲ್ಲೂ. ರಕ್ತದೊತ್ತಡ ಒಂದೇ. ಹೃದಯದ ಗೆರೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಬೇರೆಯಿಲ್ಲ. ಹೆಸರು ಮತ್ತು ವಯಸ್ಸು ಮಾತ್ರ ಬೇರೆ. ನಿನ್ನ ರಿಪೋರ್ಟು ನನ್ನ ರಿಪೋರ್ಟು ಎರಡೂ ಒಂದೇ ಥರ ಎಂದು ಆ ಮನುಷ್ಯ ಜಲಪಾತದ ಬಳಿ ಹೇಳಿದ್ದು ನಿಜವೇ ಆಗಿತ್ತು. ಬೇರೆ ಬೇರೆ ಕಡತದಲ್ಲಿ ಇದ್ದುದರಿಂದ ಶ್ರೀಕರ್ ಆಗಲಿ, ನಾಲ್ಕು ದಿನದಿಂದ ಇದೇ ಕಾಗದ ತಿರುವುತ್ತಿದ್ದ ಪೊಲೀಸರಾಗಲಿ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ಬೈರಣ್ಣ ತಲೆ ಚಚ್ಚಿಕೊಂಡ.

ಅಕ್ಟೋಬರ್ 8ರಂದು ಬನಶಂಕರಿಯಲ್ಲಿ ಗೆಳೆಯರಿಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದ ಲ್ಯಾಬಿಗೆ ಪೊಲೀಸರು ಹೋದರು. ಆಗಸ್ಟ್ 17ರ ಬೆಳಿಗ್ಗೆ 7.40ಕ್ಕೆ ಸೋಮನಾಥ್, 8.10ಕ್ಕೆ ರಾಮಪ್ರಸಾದ. ಹಿರಿಯರಿಗೆ ಇಬ್ಬರಿಗೆ ಒಂದೇ ಪ್ಯಾಕೇಜು, ಹಾಗಾಗಿ ಇಬ್ಬರಿಗೂ ಒಂದೇ ಫೋನ್ ನಂಬರು, ಅದು ಸೋಮನಾಥರದ್ದು. ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ರಾಮಪ್ರಸಾದರ ನಿಜವಾದ ವರದಿಯಲ್ಲಿ ನಾಲ್ಕು ನಿಮಿಷಕ್ಕೇ ನಿಲ್ಲಿಸಲಾಗಿದೆ ಎಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ತಕ್ಷಣ ಹೃದ್ರೋಗ ತಜ್ಞರನ್ನು ಕಾಣುವುದು.

ನಿಲ್ಲಿಸಿದಾಗ ಅವರಿಗೆ ಹೇಳಲಿಲ್ಲವೇ ಎಂದು ಬೈರಣ್ಣ ಗದರಿದ. ಫಲಿತಾಂಶ ಹೇಳುವ ಅಧಿಕಾರ ತನಗಿಲ್ಲ, ಡಾಕ್ಟರು ನೋಡಿ ಬರೆಯುತ್ತಾರೆ, ವರದಿ ನಾಳೆ ಬರುತ್ತದೆ ಎಂದು ಕಳಿಸಿದೆ ಎಂದು ತಂತ್ರಜ್ಞ ಹೇಳಿದ. ಮರುದಿನ ವರದಿ ಹೋದದ್ದು ಒಂದೇ ನಂಬರಿಗೆ. ಕಾಗದದ ಮೂಲ ಪ್ರತಿಗಳನ್ನು ಒಯ್ದದ್ದಕ್ಕೆ ಪುಸ್ತಕದಲ್ಲಿ ಒಬ್ಬರದೇ ಸಹಿ, ದಿನಾಂಕ ಮತ್ತು ಸಮಯ ಸಹಿತ. ಸಮಯ ಬರೆಯಬೇಕೆಂದು ಲ್ಯಾಬಿನವರು ಕೇಳಿರಲಿಲ್ಲ.

ಅದೇ ಸಂಜೆ ಶ್ರೀನಗರದ ಜೆರಾಕ್ಸ್ ಅಂಗಡಿಗಳನ್ನು ಮನೋಜ್ ಒಂದೊಂದಾಗಿ ಸುತ್ತಿದ. ಐದನೆಯ ಅಂಗಡಿಯ ಗೌರಮ್ಮ ನೆನಪು ಮಾಡಿಕೊಂಡಳು. ಲ್ಯಾಬಿನವರು ಹೆಸರು ವಯಸ್ಸು ತಪ್ಪು ಹಾಕಿದ್ದಾರೆ, ಸರಿಮಾಡಿ ಕೊಡಿ ಎಂದು ಒಬ್ಬರು ಮೇಷ್ಟ್ರ ಥರದವರು ಬಂದಿದ್ದರು. ಅಕ್ಷರ ಹೊಂದುವ ತನಕ ನಾಲ್ಕು ಸಲ ತೆಗೆಸಿದರು, ನಾಲ್ಕನ್ನೂ ಜೋಪಾನವಾಗಿ ತೆಗೆದುಕೊಂಡು ಹೋದರು ಎಂದಳು. ಸೋಮನಾಥರ ಫೋಟೋ ತೋರಿಸಿದಾಗ ಇವರೇ ಎಂದಳು.

ಅಕ್ಟೋಬರ್ 9, ಬುಧವಾರ, ಬೆಳಿಗ್ಗೆ 9.30. ಶೋಧನಾ ಆದೇಶ, ಇಬ್ಬರು ಪಂಚರು ಮತ್ತು ವಿಡಿಯೋ ತೆಗೆಯಲು ಅರ್ಧ ಬ್ಯಾಟರಿ ಉಳಿದಿದ್ದ ಫೋನಿನೊಂದಿಗೆ ಬೈರಣ್ಣ, ಮನೋಜ್ ಮತ್ತು ರಮ್ಯ ಸೋಮನಾಥರ ಮನೆಗೆ ಹೋದರು. ಬಾಗಿಲು ತೆರೆದ ಮಗಳು ಸಮನ್ವಿತಾ ಮಫ್ತಿಯಲ್ಲಿದ್ದ ಇವರನ್ನು ಗೊಂಬೆ ನೋಡಲು ಬಂದವರೆಂದು ತಿಳಿದು ಒಳಗೆ ಕರೆದಳು. ನಡುಮನೆಯಲ್ಲಿ ಒಂಬತ್ತು ಮೆಟ್ಟಿಲ ಗೊಂಬೆ. ಅದರ ಪಕ್ಕದಲ್ಲಿ ಮಣೆಯ ಮೇಲೆ ಪುಸ್ತಕಗಳ ರಾಶಿ, ಮೇಲೆ ಶಾರದೆಯ ಪಟ, ಹೂವು, ಅರಿಶಿನ ಕುಂಕುಮ. ಶಾರದಾ ಪೂಜೆ ಬೆಳಿಗ್ಗೆಯೇ ಆಗಿತ್ತು.

ಚಾರಣದ ಕಡತ ಎಲ್ಲಿ ಎಂದು ಕೇಳಿದಾಗ ಸೋಮನಾಥರ ಹೆಂಡತಿ ಆ ರಾಶಿಯನ್ನು ತೋರಿಸಿದರು. ಮೂರನೆಯದು, ನೀಲಿ ಬಾಕ್ಸ್ ಫೈಲು. ಆದರೆ ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ, ಶನಿವಾರ ಬನ್ನಿ ಎಂದು ಹೇಳಿ, ಐದು ಜನಕ್ಕೂ ತಟ್ಟೆಯಲ್ಲಿ ಕಡಲೆ ಉಸಲಿ ತಂದಿಟ್ಟರು. ಬೈರಣ್ಣನಿಗೆ ಪಿತ್ತ ನೆತ್ತಿಗೇರಿತು. ಆದರೂ ಕೈ ಮುಂದಾಗಲಿಲ್ಲ. ಅವನ ಮನೆಯಲ್ಲೂ ಮಕ್ಕಳ ಪುಸ್ತಕಗಳನ್ನು ಆ ಬೆಳಿಗ್ಗೆ ಹಾಗೇ ಇಟ್ಟಿದ್ದರು. ಮನೋಜ್ ಬಾಗಿಲ ಹೊರಗೆ ಜಾರಿಕೊಂಡ. ಫೋನಿನ ವಿಡಿಯೋ ಸುಮ್ಮನೆ ಓಡುತ್ತಿತ್ತು.

ಕೊನೆಗೆ ರಮ್ಯಳೇ ಸೋಮನಾಥರ ಮುಂದೆ ಹೋಗಿ, ದಾಖಲೆ ಹಾಜರುಪಡಿಸುವಂತೆ ಒಂದು ನೋಟಿಸು ಬರೆದು ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ದಿನಾಂಕ ಇದೆಯೇ ನೋಡಿದರು. ಸ್ವೀಕೃತಿಗೆ ಸಹಿ ಹಾಕಿದರು. ಆಮೇಲೆ ಕೈ ಮುಗಿದು, ಪಟವನ್ನು ಪಕ್ಕಕ್ಕಿಟ್ಟು, ತಾವೇ ಫೈಲನ್ನು ಎಳೆದು ಕೊಟ್ಟರು.

ಅದರಲ್ಲಿ ಎಲ್ಲವೂ ಇತ್ತು. ಟ್ಯಾಗು ಹಾಕಿ, ಪುಟ ಸಂಖ್ಯೆ ಬರೆದು, ಕ್ರಮವಾಗಿ. ರಾಮಪ್ರಸಾದರ ನಿಜವಾದ ವರದಿ, ಅದರ ಮೂಲೆಯಲ್ಲಿ ಪೆನ್ಸಿಲಿನಿಂದ 'ಮೂಲ ಪ್ರತಿ'. ಅಂಗಡಿಯಲ್ಲಿ ಹೊಂದದೆ ಬಿಟ್ಟ ಮೂರು ಪ್ರತಿಗಳು. ಬೈರಣ್ಣ ಪುಟ ತಿರುವುತ್ತ ನಿಂತ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಸಾಕ್ಷ್ಯಕ್ಕಾಗಿ ಚರಂಡಿ ಸೋಸಿದ್ದ, ಕಸದ ರಾಶಿ ಕೆದರಿದ್ದ. ಸಾಕ್ಷ್ಯಕ್ಕೆ ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಂಡವರನ್ನು ಕಂಡಿರಲಿಲ್ಲ.

"ಇದನ್ನ ಹರಿದು ಬಿಸಾಕಬಹುದಿತ್ತಲ್ಲ?" ಅವನಿಗೆ ಕೇಳದೆ ಇರಲಾಗಲಿಲ್ಲ.

"ಮೂಲ ದಾಖಲೆ ಸಾರ್," ಎಂದರು ಸೋಮನಾಥ್. "ಹೆಂಗೆ ಹರಿಯೋದು?"

10.50ಕ್ಕೆ ಪಂಚನಾಮೆ ಮುಗಿಯಿತು. 11.05ಕ್ಕೆ ಸೋಮನಾಥರನ್ನು ದಸ್ತಗಿರಿ ಮಾಡಲಾಯಿತು. ನಕಲಿ ದಾಖಲೆ ಸೃಷ್ಟಿ, ಅದರ ಬಳಕೆ, ಅದರ ಜೊತೆಗೆ ಕಲಂ 105, ಕೊಲೆಯಲ್ಲದ ನರಹತ್ಯೆ. ಮಗಳು ಅಪ್ಪನನ್ನೂ ಫೈಲನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಹೆಂಡತಿ ಉಸಲಿಯ ತಟ್ಟೆಗಳನ್ನು ತೆಗೆಯಲು ಬಗ್ಗಿದವರು ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಠಾಣೆಯ ಮುಂದೆ ಆಯುಧಪೂಜೆಗೆಂದು ಜೀಪು ತೊಳೆಯುತ್ತಿದ್ದರು. ಒಳಗೆ ವಿಚಾರಣೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ವರ್ಷದಿಂದ ಇಬ್ಬರೂ ಆ ಸುತ್ತಿಗೆ ತಯಾರಿ ಮಾಡುತ್ತಿದ್ದರು. ಮೊದಲ ವರ್ಷ ಸೋಮನಾಥರ ಮಗಳ ಮದುವೆ ಬಂತು, ಎರಡನೆಯ ವರ್ಷ ಅಲ್ಲಿ ಭೂಕುಸಿತ. ಈ ನವೆಂಬರಿಗೆ ಸೋಮನಾಥರಿಗೆ ಅರವತ್ತೈದು ತುಂಬುತ್ತಿತ್ತು; ಈ ಸಲ ತಪ್ಪಿದರೆ ಇನ್ನಿಲ್ಲ. ರಾಮಪ್ರಸಾದರ ವರದಿ ಫೋನಿಗೆ ಬಂದಾಗ ಅವರು ಪಾರ್ಕಿನ ಬೆಂಚಿನ ಮೇಲೆ ಅದೇ ಗೆಳೆಯನ ಪಕ್ಕದಲ್ಲಿ ಕೂತಿದ್ದರು. ಬಂತೇನೋ ಎಂದು ರಾಮಪ್ರಸಾದರು ಕೇಳಿದರು. ಬಂತು, ಇಬ್ಬರದೂ ಚೆನ್ನಾಗಿದೆ ಎಂದು ಸೋಮನಾಥರ ಬಾಯಿಂದ ಹೊರಟುಹೋಯಿತು. ಆಮೇಲೆ ಕಾಗದವನ್ನು ಆ ಮಾತಿಗೆ ಹೊಂದಿಸುವುದಷ್ಟೇ ಉಳಿದಿತ್ತು. ತಿರುಗಿ ಬಂದ ಮೇಲೆ ಹೇಗಾದರೂ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ ಎಂದರು.

"ಜಲಪಾತದ ಹತ್ರ ಇಳಿಯೋಣ್ವಾ ಅಂತ ಕೇಳಿದರಲ್ಲ. ಆಗ?"

ಸೋಮನಾಥ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನು ಇಳಿದ್ರೆ ನಾನೂ ಇಳೀಬೇಕಿತ್ತು ಸಾರ್. ಅರ್ಧಕ್ಕೆ ಬಂದಿದ್ವಿ. ಇನ್ನೊಂದೇ ದಿನ ಅನ್ನಿಸ್ತು."

ಹೆಣವನ್ನು ಹೇಸರಗತ್ತೆಯ ಮೇಲೆ ಮುಂದಿನ ದಾರಿಯಲ್ಲೇ ಇಳಿಸಿದ್ದರು. ಎರಡನೆಯ ಸರೋವರದಿಂದ ಹಿಂದಕ್ಕೆ ಹೋಗುವುದಕ್ಕಿಂತ ಸುತ್ತು ಮುಗಿಸುವುದೇ ಅರ್ಧ ದಿನ ಹತ್ತಿರ. ಆ ದಾರಿ ಮೂರನೆಯ ಸರೋವರದ ದಡದಲ್ಲೇ ಹೋಗುತ್ತದೆ. ಬೈರಣ್ಣನಿಗೆ ಇದನ್ನು ಕೇಳುವ ಅಗತ್ಯ ಕೇಸಿಗೆ ಇರಲಿಲ್ಲ, ಆದರೂ ಕೇಳಿದ. ನೋಡಿದಿರಾ?

"ನೋಡಿದೆ," ಎಂದರು ಸೋಮನಾಥ್. "ತುಂಬಾ ಚೆನ್ನಾಗಿತ್ತು ಸಾರ್." ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದರು. ಬೈರಣ್ಣನಿಗೆ ಅವರ ಮೇಲೆ ಕೆಟ್ಟ ಕೋಪ ಬಂತು, ಆ ಕೋಪ ಒಂದು ಕಡೆ ನಿಲ್ಲದೆ ಎಲ್ಲರ ಮೇಲೂ ಹರಿಯಿತು. ರಮ್ಯ ನೀರು ತಂದಿಟ್ಟಳು.

ಶ್ರೀಕರ್‌ಗೆ ಕೊಟ್ಟಿದ್ದ ನೋಟಿಸನ್ನು ಮಧ್ಯಾಹ್ನವೇ ಹಿಂತೆಗೆದುಕೊಂಡರು. ಫೋನಿನಲ್ಲಿ ಅವನು ಸಂತೋಷಪಡಲಿಲ್ಲ. ಜೋಡಿ ನಿಯಮ ಇರದಿದ್ದರೆ ಏನಾಗುತ್ತಿತ್ತು ಸಾರ್ ಎಂದು ಎರಡು ಸಲ ಕೇಳಿದ. ಗೊತ್ತಿಲ್ಲಪ್ಪ ಎಂದು ಬೈರಣ್ಣ ಫೋನಿಟ್ಟ.

ಸಂಜೆ 6.15ಕ್ಕೆ ಅವನು ರಮ್ಯಳನ್ನು ಕರೆದುಕೊಂಡು ಹನುಮಂತನಗರದ ಮನೆಗೆ ಹೋದ. ಸೂತಕದ ವರ್ಷವಾದ್ದರಿಂದ ಅಲ್ಲಿ ಗೊಂಬೆ ಕೂರಿಸಿರಲಿಲ್ಲ. ಸರಸ್ವತಿ ಬಾಗಿಲಲ್ಲೇ ನಿಂತು, ಕೂರಿ ಎನ್ನುವುದನ್ನೂ ಮರೆತು ಅವನ ಮುಖ ನೋಡಿದರು.

"ಅವರಿಗೆ ಗೊತ್ತಿರಲಿಲ್ಲ ಅಮ್ಮ," ಎಂದ ಬೈರಣ್ಣ. "ಕಡೇ ತನಕ ಗೊತ್ತಿರಲಿಲ್ಲ. ನಿಮಗೆ ಹೇಳಿದ್ದನ್ನೇ ಅವರೂ ನಂಬಿಕೊಂಡಿದ್ರು."

ಆಮೇಲೆ ಉಳಿದದ್ದನ್ನು ಹೇಳಿದ. ಯಾರು, ಹೇಗೆ, ಯಾವ ಕಾಗದ. ಸರಸ್ವತಿ ಕುರ್ಚಿ ಎಳೆದುಕೊಂಡು ಕೂತರು. ಸೋಮನಾಥರ ಹೆಸರು ಕೇಳಿ ಬೈಯಲಿಲ್ಲ. ಹೆಣದ ಜೊತೆ ದೆಹಲಿಯಿಂದ ವಿಮಾನದಲ್ಲಿ ಬಂದವರು ಅವರೇ, ಹದಿಮೂರು ದಿನವೂ ಈ ಮನೆಯಲ್ಲಿ ಓಡಾಡಿ ಎಲ್ಲ ಏರ್ಪಾಡು ಮಾಡಿದವರೂ ಅವರೇ ಎಂದು ಮಾತ್ರ ಹೇಳಿದರು. ಯಾಕಂತೆ ಎಂದು ಕೇಳಿದರು. ಅರವತ್ತೈದರ ಮಿತಿ, ಜೋಡಿಯ ನಿಯಮ, ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲಬೇಕಾಗಿದ್ದದ್ದು, ಎಲ್ಲವನ್ನೂ ಬೈರಣ್ಣ ಹೇಳಿದ. ಹೇಳುತ್ತ ಹೋದ ಹಾಗೆ ಕಾರಣ ಅವನ ಬಾಯಲ್ಲೇ ಚಿಕ್ಕದಾಗುತ್ತ ಹೋಯಿತು.

"ಅಷ್ಟೇನಾ?" ಎಂದರು ಸರಸ್ವತಿ. "ಬಾಯಿಬಿಟ್ಟು ಹೇಳಿದ್ದಿದ್ರೆ ನಮ್ಮ ಯಜಮಾನರೇ ಓಡಾಡಿ ಇನ್ನೊಬ್ಬರನ್ನ ಜೋಡಿ ಮಾಡಿ ಕಳಿಸೋರು. ಸ್ಟೇಷನ್‌ಗೆ ಹೋಗಿ ರೈಲು ಹತ್ತಿಸಿ ಬರೋರು. ಅಂಥ ಮನುಷ್ಯ ಅವರು."

ಇಪ್ಪತ್ತಾರು ದಿನದಿಂದ ಬಾರದಿದ್ದ ಅಳು ಆಗ ಬಂತು. ರಮ್ಯ ಅವರ ಪಕ್ಕದಲ್ಲಿ ಕೂತಳು. ಬೈರಣ್ಣ ಟೋಪಿ ಕೈಯಲ್ಲಿ ಹಿಡಿದು ಜಗಲಿಗೆ ಬಂದು ನಿಂತ. ಫೋನು ರಿಂಗಾಯಿತು. ಶ್ರೀನಗರದ ಪಾರ್ಕಿಂಗ್ ಗಲಾಟೆಯ ಇಬ್ಬರೂ ಮತ್ತೆ ಠಾಣೆಗೆ ಬಂದಿದ್ದಾರೆ ಎಂದು ಮನೋಜ್ ಹೇಳಿದ. ಕಾಯಲಿ ಎಂದ ಬೈರಣ್ಣ.